ಶಶಿರೇಖಾ ಮೇಡಮ್ಮನ ಮೈನಸ್ಸು

ಪ್ರೊಫೆಸರ್ ಪುಟ್ಟಮಲ್ಲಪ್ಪನವರು ಗ್ರಾಫಿನ ಮೇಲೆ ಕೆಂಪು ಪೆನ್ಸಿಲ್ಲಿನಿಂದ ಒಂದು ಸುತ್ತು ಹಾಕಿ, ಪಕ್ಕದಲ್ಲಿ ‘ಚಿಹ್ನೆ ತಪ್ಪು. ಮತ್ತೆ ಮಾಡಿ’ ಎಂದು ಬರೆದರು. ಹಿಂದಿನ ಸಲವೂ ಅದನ್ನೇ ಬರೆದಿದ್ದರು. ಅದಕ್ಕೂ ಹಿಂದಿನ ಸಲ ಬರೆಯುವ ಗೋಜಿಗೂ ಹೋಗದೆ ಬಾಯಲ್ಲೇ ಹೇಳಿ ಕಳಿಸಿದ್ದರು. ಶಶಿರೇಖಾ ಹಾಳೆಗಳನ್ನು ಬ್ಯಾಗಿಗೆ ತುರುಕಿಕೊಂಡು, ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಗುಂಡ್ಲುಪೇಟೆಯ ಬಸ್ಸು ಹತ್ತಿ ಕೂತಳು. ಅವಳಿಗೆ ಅಳು ಬರಲಿಲ್ಲ, ಹಲ್ಲು ಕಡಿಯುವಷ್ಟು ಸಿಟ್ಟು ಬಂತು. ನಂಜನಗೂಡು ದಾಟುವವರೆಗೆ ಮೇಷ್ಟ್ರಿಗೆ ಮನಸ್ಸಿನಲ್ಲೇ ಉತ್ತರ ಕೊಟ್ಟಳು. ಬೇಗೂರು ಬರುವ ಹೊತ್ತಿಗೆ ಉತ್ತರಗಳೆಲ್ಲ ಮುಗಿದುಹೋಗಿದ್ದವು, ಸಿಟ್ಟು ಮಾತ್ರ ಹಾಗೇ ಇತ್ತು.

ಆಗ ೨೦೦೩ನೆಯ ಇಸವಿ. ಶಶಿರೇಖಾ ಸಂತೆಮರಹಳ್ಳಿಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಎಂ.ಎಸ್ಸಿ. ಓದಿ, ಚಾಮರಾಜನಗರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುತ್ತಿದ್ದವಳು. ಮದುವೆಯಾಗಿ ಬಂದದ್ದು ಗುಂಡ್ಲುಪೇಟೆಗೆ. ಗಂಡ ಶಿವಶಂಕರನದು ಹೆದ್ದಾರಿ ಬದಿಯಲ್ಲಿ ಈರುಳ್ಳಿ ಮಂಡಿ. ಲಾರಿ ತುಂಬಿಸಿ ಕೇರಳಕ್ಕೆ ಕಳಿಸುವುದು ಅವನ ಕೆಲಸ. ಬೆಳಗಾಗೆದ್ದು ಅವಳು ಚಾಮರಾಜನಗರದ ಬಸ್ಸು ಹಿಡಿಯುವಾಗ ಅವನು ಮಂಡಿಯ ಮುಂದೆ ನಿಂತು ಹಮಾಲರ ಮೇಲೆ ಕೂಗುತ್ತಿರುತ್ತಿದ್ದ. ಸಂಜೆ ಅವಳು ಬಂದಿಳಿಯುವಾಗಲೂ ಕೂಗುತ್ತಲೇ ಇರುತ್ತಿದ್ದ. ಮನೆಯಲ್ಲಿ ಅತ್ತೆ ಶಿವರುದ್ರಮ್ಮ ಇದ್ದರು.

ಎಂ.ಎಸ್ಸಿ. ಕೊನೆಯ ವರ್ಷದಲ್ಲಿ ಹೊರಗಿನಿಂದ ಬಂದ ಯಾರೋ ಉಪನ್ಯಾಸಕರು ಒಂದು ಮಾತು ಹೇಳಿದ್ದರು. ಪ್ರೋಟಾನಿನೊಳಗೆ ಮುಖ್ಯವಾಗಿ ಮೂರು ಕ್ವಾರ್ಕುಗಳಿವೆ, ಎರಡು ಅಪ್, ಒಂದು ಡೌನ್. ಪ್ರೋಟಾನಿಗೆ ಸ್ಪಿನ್ ಎಂಬ ಒಂದು ಗಿರಕಿಯಿದೆ. ಆ ಗಿರಕಿ ಒಳಗಿನ ಕ್ವಾರ್ಕುಗಳ ಗಿರಕಿಯಿಂದಲೇ ಬರುತ್ತದೆಂದು ಎಲ್ಲರೂ ನಂಬಿದ್ದರು. ಅಳೆದು ನೋಡಿದರೆ ಕ್ವಾರ್ಕುಗಳಿಂದ ಬಂದದ್ದು ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಮಿಕ್ಕದ್ದು ಎಲ್ಲಿಂದ ಬರುತ್ತದೋ ಗೊತ್ತಿಲ್ಲ. ಮಿಕ್ಕ ವಿದ್ಯಾರ್ಥಿಗಳು ಅದನ್ನು ಬರೆದುಕೊಂಡು ಸುಮ್ಮನಾದರು. ಶಶಿರೇಖಾಳಿಗೆ ಮಾತ್ರ ರೇಗಿಹೋಯಿತು. ಜಗತ್ತಿನ ಪ್ರತಿ ಕಲ್ಲಿನಲ್ಲಿ, ಪ್ರತಿ ಹನಿ ನೀರಿನಲ್ಲಿ ಇರುವ ಕಣವದು. ಅದು ಹೇಗೆ ತಿರುಗುತ್ತದೆಂದು ಗೊತ್ತಿಲ್ಲದೆ ಇಷ್ಟು ವರ್ಷ ಇವರು ನಮಗೆ ಪಾಠ ಹೇಳಿದ್ದೇನು? ಸಂಶೋಧನೆಗೆ ಅವಳನ್ನು ಎಳೆದದ್ದು ಕುತೂಹಲಕ್ಕಿಂತ ಹೆಚ್ಚಾಗಿ ಆ ರೇಗಾಟವೇ.

ಮದುವೆಯಾಗಿ, ಕೆಲಸ ಖಾಯಂ ಆಗಿ, ಎಲ್ಲರೂ ಇನ್ನು ಇವಳು ನೆಲೆಗೊಂಡಳು ಎಂದುಕೊಂಡ ಮೇಲೆ ಅವಳು ಪುಟ್ಟಮಲ್ಲಪ್ಪನವರನ್ನು ಗೈಡ್ ಮಾಡಿಕೊಂಡು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದಳು. ಯಂತ್ರಗಳೆಲ್ಲ ಹೊರದೇಶದಲ್ಲಿದ್ದವು. ಅಲ್ಲಿ ಎಲೆಕ್ಟ್ರಾನುಗಳನ್ನು ಒಂದೇ ದಿಕ್ಕಿಗೆ ಗಿರಕಿ ಹೊಡೆಯುವಂತೆ ಸಜ್ಜುಮಾಡಿ, ಹಾಗೇ ಸಜ್ಜಾದ ಪ್ರೋಟಾನುಗಳ ಮೇಲೆ ಹಾಯಿಸುತ್ತಾರೆ. ಎರಡರ ಗಿರಕಿಯೂ ಒಂದೇ ಕಡೆಗಿದ್ದರೆ ಚದುರಿ ಬರುವ ಎಲೆಕ್ಟ್ರಾನುಗಳ ಲೆಕ್ಕ ಒಂದು, ಎದುರುಬದುರಾಗಿದ್ದರೆ ಇನ್ನೊಂದು. ಈ ಹೆಚ್ಚುಕಡಿಮೆಗೇ ಸ್ಪಿನ್ ಅಸಮತೆ ಎನ್ನುವುದು. ಒಳಗಿನ ಯಾವ ಕ್ವಾರ್ಕು ಯಾವ ಕಡೆ ತಿರುಗುತ್ತಿದೆ ಎಂಬುದು ಅದರಿಂದ ತಿಳಿಯುತ್ತದೆ. ಅಳತೆಗಳನ್ನು ಅವರು ಇಂಟರ್ನೆಟ್ಟಿನಲ್ಲಿ ಹಾಕುತ್ತಿದ್ದರು. ಅವನ್ನು ತೆಗೆದುಕೊಂಡು ಕ್ವಾರ್ಕುಗಳ ದಿಕ್ಕನ್ನು ಲೆಕ್ಕ ಹಾಕಿ ತೆಗೆಯುವುದು ಶಶಿರೇಖಾಳ ಕೆಲಸ.

ಕೇಳಲು ಸಲೀಸು. ಮಾಡಲು ಹೊರಟರೆ ಒಂದೂ ಸಲೀಸಾಗಿರಲಿಲ್ಲ. ಕಾಲೇಜಿನ ಕಂಪ್ಯೂಟರ್ ಕೋಣೆಯ ಬೀಗದ ಕೈ ಅಟೆಂಡರ್ ಮೂಗಯ್ಯನ ಹತ್ತಿರ ಇರುತ್ತಿತ್ತು. ಮೂಗಯ್ಯ ಟೀ ಕುಡಿಯಲು ಹೋದರೆ ದೂರದ ಉಮ್ಮತ್ತೂರಿಗೇ ಹೋಗಿ ಕುಡಿದು ಬಂದಷ್ಟು ತಡ. ಕೋಣೆ ತೆರೆದರೆ ಕರೆಂಟಿಲ್ಲ. ಕರೆಂಟಿದ್ದರೆ ಪ್ರಿನ್ಸಿಪಾಲರ ಕರೆ ಬರುತ್ತಿತ್ತು. “ಮೇಡಂ, ಹಾಜರಾತಿ ಕಡಿಮೆ ಇರೋ ಹುಡುಗರ ಪಟ್ಟಿ ಇವತ್ತೇ ಬೇಕು. ಆ ಪ್ರೋಟಾನು ಎಲ್ಲೂ ಓಡಿಹೋಗಲ್ಲ ಬನ್ನಿ.” ಅವಳ ಪ್ರೋಗ್ರಾಮು ಅರ್ಧ ಓಡಿ ನಿಂತಿರುತ್ತಿತ್ತು.

ಅಳತೆಯ ಕಡತಗಳನ್ನು ಇಳಿಸಿಕೊಳ್ಳಲು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಪಕ್ಕದ ಸುಧಾಮಣಿಯ ಅಂಗಡಿಯೇ ಗತಿ. ಸುಧಾಮಣಿ ಅಲ್ಲಿ ಲಗ್ನಪತ್ರಿಕೆ, ಅರ್ಜಿ ಎಲ್ಲ ಟೈಪು ಮಾಡಿಕೊಡುತ್ತಿದ್ದಳು. ಮೂಲೆಯ ಒಂದು ಕಂಪ್ಯೂಟರಿಗೆ ಫೋನಿನ ತಂತಿಯಿಂದ ಇಂಟರ್ನೆಟ್ಟಿತ್ತು. ಕಡತ ಇಳಿಯುತ್ತಿರುವಾಗಲೇ ಯಾರಾದರೂ ಫೋನು ಮಾಡಿದರೆ ಮತ್ತೆ ಮೊದಲಿನಿಂದ.

“ಯಾರದು ಮೇಡಂ ಇದು, ಬರೀ ಅಂಕಿನೇ ಅದಲ್ಲ? ಲಾಟ್ರಿ ರಿಸಲ್ಟಾ?” ಎಂದು ಸುಧಾಮಣಿ ಒಂದು ದಿನ ಕೇಳಿದಳು. ಕೇರಳದ ಲಾಟರಿಯ ಫಲಿತಾಂಶ ನೋಡಲು ಲಾರಿ ಡ್ರೈವರುಗಳು ಅವಳ ಅಂಗಡಿಗೇ ಬರುತ್ತಿದ್ದರು.

“ಲಾಟ್ರಿನೇ ಅಂದ್ಕೊಳಮ್ಮ. ನನಗಂತೂ ಯಾವತ್ತೂ ಹೊಡೀಲಿಲ್ಲ.”

ಮೇಷ್ಟ್ರು ತಪ್ಪು ಎಂದ ಜಾಗ ಯಾವುದೆಂದರೆ, ಡೌನ್ ಕ್ವಾರ್ಕು. ಪ್ರೋಟಾನು ಒಂದು ಕಡೆ ತಿರುಗಿದರೆ ಡೌನ್ ಕ್ವಾರ್ಕು ಅದರ ಎದುರು ದಿಕ್ಕಿಗೆ ತಿರುಗುತ್ತದೆ. ಹಾಗಾಗಿ ಅದರ ಲೆಕ್ಕ ಮೈನಸ್ಸು. ಅದರಲ್ಲಿ ಜಗಳವಿರಲಿಲ್ಲ. ಆದರೆ ಪುಟ್ಟಮಲ್ಲಪ್ಪನವರು ಇಪ್ಪತ್ತು ವರ್ಷದ ಹಿಂದೆ ತಮ್ಮ ಸಂಶೋಧನೆಯಲ್ಲಿ ನಂಬಿ ನಡೆದ ಸಿದ್ಧಾಂತ ಇನ್ನೊಂದು ಮಾತು ಹೇಳುತ್ತಿತ್ತು. ಪ್ರೋಟಾನಿನ ಓಟದ ಭಾರವನ್ನು, ಅಂದರೆ ಸಂವೇಗವನ್ನು, ಹೆಚ್ಚುಕಡಿಮೆ ಪೂರ್ತಿ ಒಂದೇ ಕ್ವಾರ್ಕು ಹೊತ್ತಾಗ ಅದು ಪ್ರೋಟಾನು ತಿರುಗಿದ ಕಡೆಗೇ ತಿರುಗಬೇಕು. ಅಂದರೆ ಭಾರ ಹೆಚ್ಚಿದಂತೆ ಡೌನ್ ಕ್ವಾರ್ಕಿನ ಮೈನಸ್ಸು ಕರಗಿ ಪ್ಲಸ್ಸಾಗಬೇಕು. ಶಶಿರೇಖಾಳ ಗ್ರಾಫಿನ ಗೆರೆ ಎಷ್ಟು ದೂರ ಎಳೆದರೂ ಮೈನಸ್ಸಿನಲ್ಲೇ ಸಾಗುತ್ತಿತ್ತು.

ಪುಟ್ಟಮಲ್ಲಪ್ಪನವರು ಕೆಟ್ಟವರಲ್ಲ. ದೂರದಿಂದ ಬಂದವಳೆಂದು ಕಾಫಿ ತರಿಸುತ್ತಿದ್ದರು, ಬರೆದದ್ದನ್ನೆಲ್ಲ ಸಾಲುಸಾಲಾಗಿ ಓದುತ್ತಿದ್ದರು. ಅದೇ ಅವಳಿಗೆ ಇನ್ನಷ್ಟು ಕಷ್ಟವಾಗಿತ್ತು. ಓದದೆ ತಪ್ಪು ಎನ್ನುವವರ ಮೇಲಾದರೆ ಮನಸ್ಸು ಬಿಚ್ಚಿ ಸಿಟ್ಟು ಮಾಡಬಹುದು.

ಮೇಷ್ಟ್ರು ಕೆಂಪು ಸುತ್ತು ಹಾಕಿ ಕಳಿಸಿದ ಆ ರಾತ್ರಿ ಊಟಕ್ಕೆ ಕೂತಾಗ ಅವಳ ಮುಖ ನೋಡಿ ಶಿವಶಂಕರ ಕೇಳಿದ. “ಇಷ್ಟ್ ವರ್ಸದಿಂದ ಅದೇನ್ ಹುಡುಕ್ತಾ ಇದ್ದೀಯ ಅಂತ ನಂಗೂ ಅರ್ತ ಆಗಂಗೆ ಒಂದ್ಸಲ ಹೇಳು ಶಶಿ.”

ಅವಳು ಹೇಳಿದಳು. ತಟ್ಟೆಯ ಅಂಚಿನಲ್ಲಿ ಮೂರು ಕಡಲೆಕಾಳು ಇಟ್ಟು ತೋರಿಸಿದಳು. ಅವನು ಗಮನವಿಟ್ಟೇ ಕೇಳಿದ.

“ಅಂಗಾರೆ ಒಂದ್ ಪಾಲು ಸಿಕ್ತು. ಮಿಕ್ಕಿದ್ ಎಲ್ಡು ಪಾಲು ಯಾರ್ ತಿಂದ್ರು?”

“ಅದನ್ನೇ ರೀ ಪ್ರಪಂಚದಲ್ಲೆಲ್ಲ ಹುಡುಕ್ತಿರೋದು.”

“ಕಂಪ್ಲೇಂಟ್ ಕೊಟ್ರಾ?”

“ಸುಮ್ನಿರ್ಲಾ ನೀನು” ಎಂದು ಶಿವರುದ್ರಮ್ಮ ಮಗನನ್ನು ಗದರಿದರು. “ಅವ್ಳೇ ತಲೆ ಕೆಟ್ಟು ಕೂತವ್ಳೆ, ಇವುಂದೊಂದು ತಮಾಸೆ. ಅಲ್ಲ ಕಣವ್ವ, ಅದು ಕಣ್ಗೆ ಕಾಣ್ತದಾ?”

“ಕಾಣಲ್ಲ ಅತ್ತೆ.”

“ಕಾಣ್ದೇ ಇರೋದು ಯಾವ್ ಕಡೀಕ್ ತಿರುಗುದ್ರೆ ನಮಗೇನು? ಮುದ್ದೆ ಆರೋಯ್ತದೆ, ಉಣ್ಣು.”

ಅವಳು ಉಂಡಳು. ಆದರೆ ಮಾರನೆಯ ದಿನದಿಂದ ಎಲ್ಲವನ್ನೂ ಬುಡದಿಂದ ಬಿಚ್ಚಿ ನೋಡತೊಡಗಿದಳು. ಮೇಷ್ಟ್ರಿಗೆ ಉತ್ತರ ಕೊಡಬೇಕಾದರೆ ತನ್ನ ಲೆಕ್ಕದಲ್ಲಿ ಎಳ್ಳಷ್ಟೂ ಬಿರುಕಿರಬಾರದು. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಪರೀಕ್ಷೆಯ ಮೇಲ್ವಿಚಾರಣೆಗೆ ನಿಂತಾಗ, ಹಾಳೆ ಹರಡಿಕೊಂಡೇ ಇರುತ್ತಿದ್ದಳು. ಹೀಗೆ ನೋಡುತ್ತ ನೋಡುತ್ತ ಒಂದು ಬೆಳಿಗ್ಗೆ, ತೆರಕಣಾಂಬಿ ದಾಟಿದ ಮೇಲೆ, ಅವಳ ಪೆನ್ಸಿಲ್ಲು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು.

ಚಿಹ್ನೆ ತಪ್ಪಿತ್ತು.

ಡೌನ್ ಕ್ವಾರ್ಕಿನ ವಿಷಯ ತಿಳಿಯಬೇಕಾದರೆ ಪ್ರೋಟಾನು ಸಾಲದು, ನ್ಯೂಟ್ರಾನೂ ಬೇಕು. ನ್ಯೂಟ್ರಾನನ್ನು ಒಂಟಿಯಾಗಿ ಹಿಡಿದಿಡಲು ಆಗದು. ಅದಕ್ಕೆ ಎರಡು ಪ್ರೋಟಾನು, ಒಂದೇ ನ್ಯೂಟ್ರಾನು ಇರುವ ಹಗುರ ಜಾತಿಯ ಹೀಲಿಯಮ್ಮನ್ನು ಬಳಸುತ್ತಾರೆ. ಅದರಲ್ಲಿ ಎರಡು ಪ್ರೋಟಾನುಗಳ ಗಿರಕಿ ಒಂದಕ್ಕೊಂದು ವಜಾ ಆಗಿ, ಉಳಿಯುವುದು ಹೆಚ್ಚಾಗಿ ನ್ಯೂಟ್ರಾನಿನದೇ. ಆದರೆ ಪೂರ್ತಿ ವಜಾ ಆಗುವುದಿಲ್ಲ. ಪ್ರೋಟಾನುಗಳದು ಒಂದು ಚೂರು ಎದುರು ದಿಕ್ಕಿಗೆ ಉಳಿದುಬಿಡುತ್ತದೆ. ಆ ಚೂರನ್ನು ಅವಳು ಕೂಡಬೇಕಾದ ಕಡೆ ಕಳೆದಿದ್ದಳು.

“ಥೂ!” ಎಂದಳು ಗಟ್ಟಿಯಾಗಿ. ಮುಂದಿನ ಸೀಟಿನ ಗಂಡಸು ತಿರುಗಿ ನೋಡಿದ.

ಅವತ್ತು ಅವಳು ಎರಡು ಕ್ಲಾಸಿನಲ್ಲಿ ಏನು ಪಾಠ ಹೇಳಿದಳೋ ಅವಳಿಗೇ ನೆನಪಿಲ್ಲ. ಇಷ್ಟು ದಿನ ಮನಸ್ಸಿನಲ್ಲಿ ಮೇಷ್ಟ್ರನ್ನು ಬೈದದ್ದೆಲ್ಲ ತಿರುಗಿ ಬಂದು ತನಗೇ ತಗುಲುತ್ತಿತ್ತು. ಮೂಗಯ್ಯನ ಕೈಯಿಂದ ಬೀಗದ ಕೈಯನ್ನು ಹೆಚ್ಚುಕಮ್ಮಿ ಕಿತ್ತುಕೊಂಡು ಹೋಗಿ ಲೆಕ್ಕ ಸರಿಪಡಿಸಿದಳು. ಪುಣ್ಯಕ್ಕೆ ಕರೆಂಟಿತ್ತು. ಗೆರೆ ಮೇಲೇರಿತು. ಮೊದಲಿನ ಮೈನಸ್ಸು ಸುಮಾರು ಅರ್ಧಕ್ಕಿಳಿಯಿತು. ಅಲ್ಲಿಗೆ ನಿಂತುಬಿಟ್ಟಿತು. ತಪ್ಪನ್ನು ತಿದ್ದಿದ ಮೇಲೂ, ಅಳತೆ ಸಿಗುವಷ್ಟು ದೂರಕ್ಕೂ, ಡೌನ್ ಕ್ವಾರ್ಕು ಸೊನ್ನೆಯಿಂದ ಕೆಳಗೇ ಇತ್ತು. ಶಶಿರೇಖಾ ಪರದೆಯನ್ನೇ ನೋಡುತ್ತ ಕೂತಳು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ತಪ್ಪು ಅವಳದೇ, ನಿಜ. ಆದರೆ ಫಲಿತಾಂಶ ತಪ್ಪಲ್ಲ.

ಇದನ್ನು ಮೈಸೂರಿಗೆ ಒಯ್ದು, ತಪ್ಪನ್ನೂ ಮುಚ್ಚಿಡದೆ ತೋರಿಸಿದಳು. ಪುಟ್ಟಮಲ್ಲಪ್ಪನವರ ಮುಖ ಅರಳಿತು.

“ನಾನು ಹೇಳಲಿಲ್ಲವೇನ್ರೀ? ಚಿಹ್ನೆ ತಪ್ಪಿದೆ ಅಂತ!”

“ತಪ್ಪಿತ್ತು ಸರ್. ಸರಿ ಮಾಡಿದ್ದೇನೆ. ಆದರೂ ಮೈನಸ್ಸೇ ಬರ್ತಿದೆ.”

“ಒಂದು ಸಿಕ್ಕಿದೆಯಲ್ಲ, ಇನ್ನೊಂದೂ ಸಿಗುತ್ತೆ. ಹುಡುಕಿ. ಅಳತೆಗಳ ಅನಿಶ್ಚಿತತೆಯೂ ಬಹಳ ಇದೆ, ಅದನ್ನೂ ಮರೀಬೇಡಿ.”

ಅನಿಶ್ಚಿತತೆಯ ಮಾತು ನಿಜವೇ ಆಗಿತ್ತು. ಆದ್ದರಿಂದ ಅವಳು ಬಾಯಿ ಮುಚ್ಚಿಕೊಂಡು ಬಂದಳು. ಇಲ್ಲದ ತಪ್ಪನ್ನು ಹುಡುಕುವುದು ಎಂಥ ಕೆಲಸವೆಂದು ಮಾಡಿದವರಿಗೇ ಗೊತ್ತು. ಸಿಗಲಿಲ್ಲವೆಂದರೆ ಇಲ್ಲವೆಂದು ಅರ್ಥವೋ, ಕಣ್ಣಿಗೆ ಬೀಳಲಿಲ್ಲವೆಂದು ಅರ್ಥವೋ ಯಾರು ಹೇಳಬೇಕು? ಅವಳು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದೂ ಅನುಮಾನ ಪಡುವಂತಾದಳು. ಶಿವರುದ್ರಮ್ಮನವರು ಒಲೆಯ ಹತ್ತಿರ ಅವಳನ್ನು ಬಿಟ್ಟುಕೊಳ್ಳುವುದನ್ನೇ ನಿಲ್ಲಿಸಿದರು.

ಮರುವರ್ಷದ ಮೊದಲಲ್ಲಿ ಅಮೆರಿಕದ ಒಂದು ಪ್ರಯೋಗಾಲಯದಿಂದ ಅದೇ ಹೀಲಿಯಮ್ಮಿನ ಹೊಸ ಅಳತೆ ಹೊರಬಂತು. ಹಿಂದಿನವಕ್ಕಿಂತ ಬಹಳ ನಿಖರವಾದ ಅಳತೆ. ಸುಧಾಮಣಿಯ ಅಂಗಡಿಯಲ್ಲಿ ಲೇಖನ ಇಳಿಯುತ್ತಿದ್ದಂತೆ ಫೋನು ಬಂದು ಸಂಪರ್ಕ ಕಡಿಯಿತು. ಮತ್ತೆ ಹಚ್ಚಿದರೆ ಮತ್ತೆ ಕಡಿಯಿತು.

“ಇನ್ನೊಂದ್ಸಲ ಯಾರಾದ್ರೂ ಫೋನ್ ಮಾಡುದ್ರೆ ರಿಸೀವರ್ ಕಿತ್ ಹಾಕ್ಬುಡ್ತೀನಿ ಬುಡಿ ಮೇಡಂ” ಎಂದು ಸುಧಾಮಣಿ ತಾನೇ ಫೋನಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು.

ಕೊನೆಗೆ ಇಳಿಯಿತು. ಡೌನ್ ಕ್ವಾರ್ಕಿನ ಗ್ರಾಫು ಕೊನೆಯ ಪುಟಗಳಲ್ಲಿತ್ತು. ಚುಕ್ಕೆಗಳೆಲ್ಲ ಸೊನ್ನೆಯ ಕೆಳಗೆ. ಶಶಿರೇಖಾಳ ಗೆರೆಗೂ ಅವಕ್ಕೂ ಹೆಚ್ಚು ದೂರವಿರಲಿಲ್ಲ. ಅವಳು ಆ ಹಾಳೆಯನ್ನು ಪ್ರಿಂಟು ಹಾಕಿಸಿ, ಮರುದಿನ ರಜೆ ಬರೆದುಕೊಟ್ಟು, ಮೈಸೂರಿನ ಮೊದಲ ಬಸ್ಸಿಗೇ ಹೋದಳು.

ಪುಟ್ಟಮಲ್ಲಪ್ಪನವರು ಲೇಖನವನ್ನು ನಿಧಾನವಾಗಿ ಓದಿದರು. ಗ್ರಾಫನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕೆಳಗಿಟ್ಟು ಹೇಳಿದರು:

“ಹೂಂ. ಸರಿ. ಆದರೆ ಇದು ಈಗ ಗೊತ್ತಿರುವ ವಿಷಯವಾಯಿತಲ್ಲ ಶಶಿರೇಖಾ. ಪ್ರಕಟವಾಗಿಬಿಟ್ಟಿದೆ. ಇನ್ನು ನಿಮ್ಮ ಥೀಸಿಸ್ಸಿನಲ್ಲಿ ಹೊಸದೇನು?”

ಅವಳೊಳಗೆ ಏನೋ ಕಡಿದುಹೋಯಿತು. ಮೇಷ್ಟ್ರ ಮುಂದೆ ಒಂದು ದಿನವೂ ದನಿ ಎತ್ತಿದವಳಲ್ಲ.

“ಸರ್, ಹೋದ ತಿಂಗಳು ಇದು ತಪ್ಪಾಗಿತ್ತು. ಈ ತಿಂಗಳು ಹಳೆಯದಾಗಿದೆ. ಮಧ್ಯೆ ಇದು ಸರಿಯಾಗಿದ್ದದ್ದು ಯಾವತ್ತು ಸರ್? ಅದೊಂದು ದಿನ ಹೇಳಿ. ನಾನು ಆ ದಿನ ಬರ್ತಿದ್ದೆ.”

ಕಾಫಿ ತಂದ ಹುಡುಗಿ ಬಾಗಿಲಲ್ಲೇ ನಿಂತಳು. ಶಶಿರೇಖಾ ಹಾಳೆಗಳನ್ನು ಬ್ಯಾಗಿಗೆ ತುರುಕತೊಡಗಿದಳು. ಇನ್ನು ಗೈಡ್ ಬದಲಾಯಿಸಬೇಕು, ಇಲ್ಲ ಬಿಟ್ಟೇಬಿಡಬೇಕು ಎಂದುಕೊಂಡಳು. ಪುಟ್ಟಮಲ್ಲಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕೂತ್ಕೊಳ್ಳಿ” ಎಂದರು. “ನನ್ನ ಲೆಕ್ಕದಲ್ಲಿ ಕ್ವಾರ್ಕುಗಳು ತಮ್ಮ ಸುತ್ತ ತಾವು ತಿರುಗುತ್ತವೆ, ಅಷ್ಟೆ. ಪ್ರೋಟಾನಿನ ಒಳಗೇ ಒಂದರ ಸುತ್ತ ಒಂದು ಓಡಾಡೋದನ್ನ ಲೆಕ್ಕಕ್ಕೆ ಹಿಡಿದಿಲ್ಲ. ಆಗ ಅದು ನನ್ನ ಕೈಲಾಗ್ತಿರಲಿಲ್ಲ. ಬಿಟ್ಟೆ.”

“ಬಿಟ್ಟಿದ್ದೇನೆ ಅಂತ ನೀವು ಯಾವತ್ತೂ ಹೇಳಲಿಲ್ಲ ಸರ್.”

“ಎಲ್ಲರೂ ಬಿಟ್ಟಿದ್ದರು. ಎಲ್ಲರೂ ಬಿಟ್ಟಿದ್ದನ್ನ ಯಾರೂ ಹೇಳಲ್ಲ.” ಅವರು ಗ್ರಾಫನ್ನು ಅವಳ ಕಡೆ ಸರಿಸಿದರು. “ಅದನ್ನ ಸೇರಿಸಿ ನೋಡಿ. ಸೇರಿಸಿದರೆ ನಿಮ್ಮ ಮೈನಸ್ಸು ಉಳಿಯಬಹುದು. ಅದು ಹೊಸದು.”

ಕ್ಷಮಿಸಿ ಎಂದು ಅವರೂ ಅನ್ನಲಿಲ್ಲ, ಅವಳೂ ಅನ್ನಲಿಲ್ಲ. ಆರಿದ ಕಾಫಿಯನ್ನು ಇಬ್ಬರೂ ಕುಡಿದರು.

ಸೇರಿಸಿ ನೋಡುವುದಕ್ಕೆ ಮೂರು ವರ್ಷ ಹಿಡಿಯಿತು. ಮೇಷ್ಟ್ರು ಈಗ ಫೋನು ಮಾಡಿ ಮಾಡಿ ಕೇಳುತ್ತಿದ್ದರು. ಅದು ಇನ್ನೊಂದು ಬಗೆಯ ಕಾಟ. ಮಂಡಿಯಲ್ಲಿ ಈರುಳ್ಳಿಯ ಸೀಸನ್ನು, ಕಾಲೇಜಿನಲ್ಲಿ ಪರೀಕ್ಷೆಯ ಸೀಸನ್ನು, ಮನೆಯಲ್ಲಿ ಅತ್ತೆಯ ಮಂಡಿನೋವು. ಶಿವಶಂಕರ ಹೇಳದೆ ಕೇಳದೆ ಒಂದು ಹಳೆಯ ಕಂಪ್ಯೂಟರ್ ತಂದು ಮಂಡಿಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಟ್ಟ. ಈರುಳ್ಳಿಯ ಘಾಟಿಗೆ ಕಣ್ಣು ಉರಿಯುತ್ತಿತ್ತು, ಆದರೆ ಬೀಗದ ಕೈ ಅವಳ ಹತ್ತಿರವೇ ಇತ್ತು. ಕ್ವಾರ್ಕುಗಳ ಓಡಾಟವನ್ನು ಸೇರಿಸಿದಾಗ ಗೆರೆ ಬೇಗ ಪ್ಲಸ್ಸಾಗದೆ ಬಹಳ ದೂರ ಮೈನಸ್ಸಿನಲ್ಲೇ ಸಾಗಿತು. ಬರೆಯುವುದೊಂದು ಬಾಕಿ ಇತ್ತು.

ಬರೆಯುತ್ತಿರುವಾಗಲೇ, ೨೦೦೭ರಲ್ಲಿ, ಹೊರದೇಶದ ದೊಡ್ಡವರು ಕೆಲವರು ಅದೇ ವಿಚಾರವನ್ನು ಅವಳಿಗಿಂತ ಚೆನ್ನಾಗಿ ಲೆಕ್ಕ ಹಾಕಿ ಪ್ರಕಟಿಸಿಬಿಟ್ಟರು.

ಅವಳಿಗೆ ಈ ಸಲ ಸಿಟ್ಟೂ ಬರಲಿಲ್ಲ. ಮಂಡಿಯ ಚೀಲಗಳ ಮೇಲೆ ಕೂತು ಮೇಷ್ಟ್ರಿಗೆ ಫೋನು ಮಾಡಿ ವಿಷಯ ಹೇಳಿದಳು. ಸಿಟ್ಟು ಆ ಕಡೆಯಿಂದ ಬಂತು.

“ಯಾರ್ರೀ ಅವರು? ನಿಮ್ಮದು ಬೇರೆ ದಾರಿ, ಅವರದು ಬೇರೆ ದಾರಿ. ಎರಡೂ ಒಂದೇ ಕಡೆಗೆ ಬಂದರೆ ಒಳ್ಳೆಯದೇ ಆಯ್ತಲ್ಲ! ಈ ವಾರವೇ ಸಲ್ಲಿಸಿ.” ಆಮೇಲೆ ದನಿ ತಗ್ಗಿಸಿ ಅಂದರು. “ತಡ ಮಾಡಿದ್ದು ನಾನು. ಇಲ್ಲದ ತಪ್ಪು ಹುಡುಕಿ ಅಂತ ಒಂದು ವರ್ಷ ಸುಮ್ಮನೆ ಕಳೆಸಿದೆ ನಿಮ್ಮ ಕೈಲಿ.”

ಆ ಮಾತು ಕೇಳಿ ಅವಳಿಗೆ ಕಣ್ಣು ತುಂಬಿತು. ಈರುಳ್ಳಿ ಎಂದುಕೊಂಡು ಹಮಾಲರು ಯಾರೂ ಕೇಳಲಿಲ್ಲ.

ಥೀಸಿಸ್ಸನ್ನು ಟೈಪು ಮಾಡಿದವಳು ಸುಧಾಮಣಿ. “ಈ ತ್ರಿಕೋನ ಎಲ್ಲಾ ಸಾಲ್ಗೂ ಬೇಕಾ ಮೇಡಂ?” ಎಂದು ಕೇಳಿ ಕೇಳಿ ಹಾಕಿದಳು. ಗಿರಕಿಯ ಲೆಕ್ಕಕ್ಕೆ ಬಳಸುವ ಗ್ರೀಕ್ ಅಕ್ಷರ ಅದು. ಮೈಸೂರಿನಲ್ಲಿ ಪ್ರಿಂಟು ಹಾಕಿಸಿದಾಗ ಆ ತ್ರಿಕೋನಗಳೆಲ್ಲ ಖಾಲಿ ಚೌಕಗಳಾಗಿ ಬಂದಿದ್ದವು. ಶಶಿರೇಖಾ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಒಂದೊಂದು ಚೌಕವನ್ನೂ ವೈಟ್ನರ್ ಹಚ್ಚಿ ಅಳಿಸಿ ಕೈಯಲ್ಲೇ ತ್ರಿಕೋನ ಬರೆದಳು. ಪ್ರತಿಗಳೆಲ್ಲಕ್ಕೂ ಬರೆದಳು.

೨೦೦೮ರಲ್ಲಿ ಪದವಿ ಬಂತು. ಕಾಲೇಜಿನಲ್ಲಿ ಸನ್ಮಾನ ಇಟ್ಟುಕೊಂಡರು. ಪ್ರಿನ್ಸಿಪಾಲರು ಮೈಕಿನ ಮುಂದೆ ನಿಂತು, “ನಮ್ಮ ಮೇಡಂ ಫೋಟಾನಿನ ಮೇಲೆ ಮಹತ್ವದ ಸಂಶೋಧನೆ ಮಾಡಿದ್ದಾರೆ” ಎಂದರು. ಅವಳು ಕೂತಲ್ಲಿಂದಲೇ “ಪ್ರೋಟಾನು ಸರ್” ಎಂದಳು. “ಹೌದು, ಫೋಟಾನು” ಎಂದು ಅವರು ಮುಂದುವರಿಸಿದರು. ತನ್ನ ಸರದಿ ಬಂದಾಗ ಶಶಿರೇಖಾ ವಂದನೆ ಹೇಳಿ ಮುಗಿಸಬೇಕೆಂದಿದ್ದವಳು ತಡೆಯಲಾರದೆ ಇಡೀ ವಿಷಯವನ್ನು ವಿವರಿಸಿದಳು. ಹಿಂದಿನ ಸಾಲಿನವರು ಎದ್ದು ಹೋದರು. ಮುಂದಿನ ಸಾಲಿನವರಿಗೆ ಎದ್ದು ಹೋಗಲು ಧೈರ್ಯ ಸಾಲಲಿಲ್ಲ. ಮುಗಿದ ಮೇಲೆ ಒಬ್ಬ ಸಹೋದ್ಯೋಗಿ ಹತ್ತಿರ ಬಂದು, ಇದಕ್ಕೆ ಇನ್‌ಕ್ರಿಮೆಂಟ್ ಎಷ್ಟು ಬರುತ್ತದೆಂದು ಕೇಳಿದ.

ಸಂಜೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಾಲು, ಹಣ್ಣಿನ ಬುಟ್ಟಿ, ಹಾರ ಎಲ್ಲ ತಬ್ಬಿಕೊಂಡು ತೆರಕಣಾಂಬಿಯವರೆಗೆ ನಿಂತೇ ಬಂದಳು. ಅಲ್ಲಿ ಒಂದು ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಕಾಲ ಬಳಿ ಒಂದು ದೊಡ್ಡ ಚೀಲವಿತ್ತು. ಶಶಿರೇಖಾ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಬೆಳಿಗ್ಗೆ ಪ್ರಿಂಟು ಹಾಕಿಸಿದ್ದ ಹೊಸ ಲೇಖನ ತೆಗೆದಳು. ಕ್ವಾರ್ಕುಗಳನ್ನು ಒಂದಕ್ಕೊಂದು ಅಂಟಿಸಿಡುವ ಗ್ಲುವಾನ್ ಎಂಬ ಕಣಗಳಿವೆ. ಪ್ರೋಟಾನಿನ ಗಿರಕಿಯಲ್ಲಿ ಕಾಣೆಯಾದ ಪಾಲು ಅವುಗಳ ಹತ್ತಿರ ಇರಬಹುದೆಂದು ಬಹಳ ಜನ ನಂಬಿದ್ದರು. ಅವಳೂ ಒಳಗೊಳಗೇ ನಂಬಿದ್ದಳು, ಮುಂದಿನ ಕೆಲಸವೆಂದು ಅದನ್ನೇ ಎತ್ತಿಟ್ಟುಕೊಂಡಿದ್ದಳು. ಈ ಹೊಸ ಅಳತೆಯ ಪ್ರಕಾರ ಅವುಗಳ ಪಾಲು ಸೊನ್ನೆಯ ಆಸುಪಾಸಿನಲ್ಲಿತ್ತು.

“ಅಯ್ಯೋ, ಇದೂ ಅಲ್ವಾ?” ಎಂದಳು ಶಶಿರೇಖಾ, ಎಲ್ಲರಿಗೂ ಕೇಳುವಂತೆ.

ಪಕ್ಕದ ಹೆಂಗಸು ಅದು ಚೀಲದ ಮಾತೆಂದುಕೊಂಡು, ಗಾಬರಿಯಾಗಿ ಕಾಲು ಹಿಂದಕ್ಕೆಳೆದುಕೊಂಡಳು. “ನಂದಲ್ಲ ಕಣವ್ವ ಆ ಚೀಲ. ಡ್ರೈವರ್‌ನ ಕೇಳು.”

ಶಶಿರೇಖಾ ಅವಳಿಗೆ ಹಣ್ಣಿನ ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದುಕೊಟ್ಟು, ಪುಟ ತಿರುವಿ, ಅವರು ಚಿಹ್ನೆಗಳನ್ನು ಸರಿಯಾಗಿ ಹಾಕಿದ್ದಾರೋ ಇಲ್ಲವೋ ಎಂದು ಮೊದಲಿನಿಂದ ನೋಡತೊಡಗಿದಳು.